ಅಮಲ್ದಾರರ ಮಗಳ ಮೊದಲ ಮಾತು

"ಅಮಲ್ದಾರರ ಗಿಳಿಗೆ ನೂರಾಎಂಟು ಮಾತು ಕಲಿಸಿದವನು ನಾನು! ಪಾಪ, ಈಗ ಗಿಳಿಯೂ ಇಲ್ಲ, ಅಮಲ್ದಾರರೂ ಇಲ್ಲ," ಎಂದು ಬೋರಜ್ಜ ಶುರುಮಾಡಿದ.

ಆಗ ಬೋರ ಅವರ ಮನೆಯ ಆಳು. ಅಮಲ್ದಾರರು ಗದರಿದರು: "ಪುಟ್ಟಿಗೆ ನಾಲ್ಕು ತುಂಬಿದರೂ ಮಾತಿಲ್ಲ. ಗಿಳಿಗೆ ಕಲಿಸಿದವನಲ್ಲವೇ, ಹದಿನೈದು ದಿನದಲ್ಲಿ ಇವಳನ್ನೂ ಮಾತಾಡಿಸು. ಇಲ್ಲವೋ, ಗಂಟುಮೂಟೆ ಕಟ್ಟು!"

ಮಗು ಬೆರಳು ತೋರಿಸಿದರೆ ಸಾಕು, ಮನೆಮಂದಿಯೆಲ್ಲ ಓಡಿ ತಂದುಕೊಡುತ್ತಿದ್ದರು. ಮಾತು ಯಾಕೆ ಬೇಕು? ಬೋರ ಅವಳನ್ನು ಜೋಕಾಲಿಯಲ್ಲಿ ಕೂರಿಸಿ, ತೂಗಿ, ತಟ್ಟನೆ ನಿಲ್ಲಿಸಿದ. ಬೆರಳು ತೋರಿಸಿದಳು, ಬೋರ ಅಲುಗಲಿಲ್ಲ. "ಊ" ಎಂದಳು, ಕೂಡಲೇ ತೂಗಿದ. ಮುಂದಿನ ವಾರ "ತೂ" ಎಂದರಷ್ಟೇ ತೂಗಿದ. ಹದಿನೈದನೇ ದಿನ ಮಗು "ತೂಗು!" ಎಂದು ಕೂಗಿತು.

ಅಮಲ್ದಾರರು ಪೇಟ ಬಿಚ್ಚಿಟ್ಟು, ಆ ಒಂದು ಮಾತು ಮತ್ತೆ ಮತ್ತೆ ಕೇಳಲು ಸಂಜೆವರೆಗೂ ತಾವೇ ತೂಗಿದರು.

"ಅಜ್ಜಾ, ಅಜ್ಜಿಯೂ ಆಗ ಅದೇ ಮನೇಲಿ ಕೆಲಸಕ್ಕಿದ್ದಳಂತೆ, ತೂಗಿ ಮಾತು ಕಲಿಸಿದ್ದು ತಾನು ಅಂತಾಳಲ್ಲ?" ಎಂದಳು ಮೊಮ್ಮಗಳು.

"ಜೋಕಾಲಿಗೆ ಹಗ್ಗ ಕಟ್ಟಿದ್ದು ಯಾರು, ಕೇಳು," ಎಂದು ಅಜ್ಜ ಹೆಗಲ ಟವೆಲ್ಲು ಕೊಡವಿಕೊಂಡ.