ಗರಿಕೆಯ ಓಟ ಮತ್ತು ಬಿಳಿಮಣ್ಣಿನ ದಿಬ್ಬ

ಗುಡ್ಡಗಳ ಸಾಲಿನ ಕೆಳಗೆ ಹಬ್ಬಿದ್ದ ಒಂದು ಕಾಡಿನಲ್ಲಿ ಗರಿಕೆ ಎಂಬ ಜಿಂಕೆ ಇದ್ದಳು. ಅವಳಷ್ಟು ದೂರ ಓಡಬಲ್ಲವರು ಆ ಕಾಡಿನಲ್ಲಿ ಬೇರೆ ಯಾರೂ ಇರಲಿಲ್ಲ.

ಆ ವರ್ಷ ಕಾಳ್ಗಿಚ್ಚಿಗೆ ಅಲ್ಲಿನ ಹುಲ್ಲೆಲ್ಲ ಸುಟ್ಟುಹೋಯಿತು. ಜಿಂಕೆಗಳ ಹಿಂಡು ದೊಡ್ಡ ಕೆರೆಯ ಆಚೆಗಿದ್ದ ಹಸಿರು ಬಯಲಿಗೆ ಹೊರಟಿತು. ಗರಿಕೆಯ ಮರಿಯೂ ಹಿಂಡಿನ ಜೊತೆ ಹೋಯಿತು. ತನ್ನ ಮುದಿ ತಾಯಿಯ ಕಾಲು ಉಳುಕಿದ್ದರಿಂದ ಗರಿಕೆ ಮಾತ್ರ ಅವಳ ಬಳಿ ಉಳಿದುಕೊಂಡಳು.

ಮರುದಿನ ಬೆಳಿಗ್ಗೆ ಒಂದು ಮುದಿ ಕಡವೆ ಮೈಗೆಲ್ಲ ಕೆಸರು ಮೆತ್ತಿಕೊಂಡು ಬೇರೆ ದಾರಿಯಿಂದ ಕುಂಟುತ್ತ ಬಂತು.

"ಕೆರೆಯ ದಡ ಒಡೆದು ನೀರೆಲ್ಲ ಹರಿದುಹೋಗಿದೆ. ನೆಲ ಒಣಗಿದ ಹಾಗೆ ಕಾಣುತ್ತದೆ, ಒಳಗೆಲ್ಲ ಕಾಲು ಹೂತುಹೋಗುವ ಹುದುಲು! ನಾನು ಹೇಗೋ ಬದುಕಿ ಬಂದೆ" ಎಂದಿತು.

ಹಿಂಡು ಆ ಸಂಜೆಗೆ ಕೆರೆ ಮುಟ್ಟುತ್ತಿತ್ತು. ನೇರ ದಾರಿ ಕಂಡರೆ ಅವರು ಇಳಿಯದೆ ಬಿಡುವವರಲ್ಲ. ಗರಿಕೆ ಆಗಲೇ ಓಡತೊಡಗಿದಳು.

ಪೊದೆಯ ಹಿಂದಿದ್ದ ಕೊಂಕ ಎಂಬ ನರಿಗೆ ಇದೆಲ್ಲ ಕೇಳಿಸಿತ್ತು. ಗಟ್ಟಿಮುಟ್ಟಾದ ಜಿಂಕೆಯನ್ನು ಅದು ಒಂಟಿಯಾಗಿ ಹಿಡಿಯಲಾರದು. ಆದರೆ ಒಂದು ಸಂಗತಿ ಅದಕ್ಕೆ ಗೊತ್ತಿತ್ತು. ದೂರ ಓಡುವ ಜಿಂಕೆಗಳು ದಾರಿಯಲ್ಲಿ ಬಿಳಿಮಣ್ಣು ನೆಕ್ಕುತ್ತವೆ. ನೆಕ್ಕದವು ತೂರಾಡಿ ಬೀಳುತ್ತವೆ.

"ಗರಿಕೆ, ನಾನೂ ಜೊತೆಗೆ ಬರುತ್ತೇನೆ. ಹತ್ತಿರದ ದಾರಿ ನನಗೆ ಗೊತ್ತು" ಎಂದು ಕೊಂಕ ಅವಳ ಪಕ್ಕ ಓಡಿತು.

ಮೊದಲ ತೊರೆಯ ಬಳಿ ಬಿಳಿಮಣ್ಣು ಕಂಡು ಗರಿಕೆ ನಿಂತಳು.

"ಅಯ್ಯೋ, ಅದನ್ನು ಮುಟ್ಟಬೇಡ! ಗಂಟಲು ಒಣಗುತ್ತದೆ. ಓಡುವವರಿಗೆ ನೀರೊಂದೇ ಸಾಕು. ಹೊಟ್ಟೆ ತುಂಬ ಕುಡಿ. ನೋಡು, ನಾನೂ ಕುಡಿಯುತ್ತೇನೆ" ಎಂದಿತು ಕೊಂಕ.

ಅವಳು ನಂಬಿದಳು. ಎರಡನೇ ತೊರೆಯಲ್ಲೂ ಕುಡಿದಳು. ಮೂರನೆಯದರಲ್ಲಿ ಬಾಯಾರಿಕೆ ಇಲ್ಲದಿದ್ದರೂ ಕುಡಿದಳು. ಅವಳ ನಂಬಿಕೆ ಉಳಿಸಿಕೊಳ್ಳಲು ಕೊಂಕವೂ ಪ್ರತಿ ಸಲ ಗಟಗಟನೆ ಕುಡಿಯಿತು.

ಮಧ್ಯಾಹ್ನದ ಹೊತ್ತಿಗೆ ಗರಿಕೆಯ ಹೊಟ್ಟೆಯಲ್ಲಿ ನೀರು ಕುಲುಕತೊಡಗಿತು. ತೊಡೆ ಹಿಡಿದುಕೊಂಡಿತು. ತಲೆ ಸುತ್ತಿ ಒಂದು ಮರ ಎರಡಾಗಿ ಕಂಡಿತು.

"ಇನ್ನಷ್ಟು ಕುಡಿ, ಸರಿಹೋಗುತ್ತದೆ" ಎಂದಿತು ಕೊಂಕ.

"ಬೇಡ!" ಎಂದು ಯಾರೋ ಗದರಿದರು. ಪಕ್ಕದ ದಿಬ್ಬದಲ್ಲಿ ಬಿಳಿಮಣ್ಣು ನೆಕ್ಕುತ್ತಿದ್ದ ಮುದಿ ಕಾಡೆಮ್ಮೆ ತಲೆ ಎತ್ತಿತ್ತು. ಅದರ ಕೊಂಬು ಕಂಡದ್ದೇ ಕೊಂಕ ದೂರದ ಬಂಡೆಯ ಹಿಂದೆ ಅಡಗಿತು.

ಕಾಡೆಮ್ಮೆ ಗರಿಕೆಯ ಕುತ್ತಿಗೆಯನ್ನು ನೆಕ್ಕಿ ನೋಡಿತು. "ನಿನ್ನ ಮೈಮೇಲೆಲ್ಲ ಉಪ್ಪು ಒಣಗಿದೆ ಮಗಳೇ. ಬೆವರಿನಲ್ಲಿ ನೀರೊಂದೇ ಹೋಯಿತು ಅಂದುಕೊಂಡೆಯಾ? ಉಪ್ಪೂ ಹೋಯಿತು. ನೀನು ನೀರನ್ನಷ್ಟೇ ತುಂಬಿಕೊಂಡೆ. ಒಳಗೆ ಉಳಿದಿದ್ದ ಚೂರು ಉಪ್ಪೂ ತೆಳುವಾಯಿತು. ಈ ಬಿಳಿಮಣ್ಣಿನಲ್ಲಿ ಉಪ್ಪಿದೆ, ಸ್ವಲ್ಪ ನೆಕ್ಕು. ಆತುರ ಬೇಡ. ನೆರಳಲ್ಲಿ ಮಲಗು."

"ಅಜ್ಜಿ, ನನ್ನ ಮರಿ ಕೆರೆಯ ಹತ್ತಿರ ಹೋಗುತ್ತಿದೆ. ಮಲಗಲು ಹೊತ್ತಿಲ್ಲ!"

"ಈಗ ಎದ್ದರೆ ಆ ಮರದವರೆಗೂ ಹೋಗಲಾರೆ. ಸ್ವಲ್ಪ ತಡೆದರೆ ಕೆರೆ ಮುಟ್ಟುತ್ತೀಯ."

ಗರಿಕೆ ಮಣ್ಣು ನೆಕ್ಕಿ ಮಲಗಿದಳು. ಜಾರುತ್ತಿದ್ದ ಸೂರ್ಯನನ್ನು ನೋಡುತ್ತ ಸುಮ್ಮನಿರುವುದು ಓಟಕ್ಕಿಂತ ಕಷ್ಟವಾಗಿತ್ತು. ನಿಧಾನವಾಗಿ ತೊಡೆ ಸಡಿಲವಾಯಿತು. ಎರಡಾಗಿದ್ದ ಮರ ಒಂದಾಯಿತು. ಅವಳು ಎದ್ದು ಓಡಿದಳು. ಆಮೇಲೆ ಬಾಯಾರಿದಾಗ ಮಾತ್ರ ನಾಲ್ಕು ಗುಟುಕು ಕುಡಿದಳು. ಬಿಳಿಮಣ್ಣು ಕಂಡಲ್ಲಿ ನಾಲಿಗೆ ಆಡಿಸಿದಳು.

ಸೂರ್ಯ ಮುಳುಗುವ ಹೊತ್ತಿಗೆ ಹಿಂಡು ಕೆರೆಯ ಅಂಚಿನಲ್ಲಿತ್ತು. ಎಲ್ಲರಿಗಿಂತ ಮುಂದೆ ಅವಳ ಮರಿ ಕೆರೆಗೆ ಇಳಿಯಲು ಕಾಲೆತ್ತಿತ್ತು.

"ನಿಲ್ಲು!" ಎಂದು ಗರಿಕೆ ಕೂಗಿದಳು.

ಮರಿ ತಾಯಿಯ ದನಿ ಕೇಳಿ ಹಿಂದಕ್ಕೆ ಜಿಗಿಯಿತು. ಹಿಂಡು ದಡ ಸುತ್ತಿಕೊಂಡು ಬಯಲಿಗೆ ಹೋಯಿತು.

ಮರುದಿನ ಗರಿಕೆ ತಾಯಿಯ ಬಳಿಗೆ ಮರಳುವಾಗ ದಾರಿಯಲ್ಲಿ ಅದೇ ದಿಬ್ಬದ ಬಳಿ ಕೊಂಕ ಬಿದ್ದಿತ್ತು. ಅದರ ಕಾಲುಗಳು ಸೆಟೆದುಕೊಂಡಿದ್ದವು.

"ಗರಿಕೆ, ನನಗೇನಾಗಿದೆ?" ಎಂದು ಅದು ನರಳಿತು.

ಗರಿಕೆ ಹೇಳಿದಳು: "ನನಗೆ ಆದದ್ದೇ ನಿನಗೂ ಆಗಿದೆ. ಇನ್ನು ನೀರು ಕುಡಿಯಬೇಡ. ಆ ದಿಬ್ಬದ ಮಣ್ಣು ನೆಕ್ಕಿ ಮಲಗಿಕೋ. ಕಾಡೆಮ್ಮೆ ಅಲ್ಲಿಂದ ಹೋಗಿದೆ."

ಅವಳು ಹೊರಟುಹೋದಳು. ಕೊಂಕ ಯೋಚಿಸಿತು: 'ಅವಳ ಜಾಗದಲ್ಲಿ ನಾನಿದ್ದಿದ್ದರೆ ನಿಜ ಹೇಳುತ್ತಿದ್ದೆನೇ? ದಿಬ್ಬದ ಆಚೆ ಕಾಡೆಮ್ಮೆಯ ಕೊಂಬು ಕಾಯುತ್ತಿರಬೇಕು.'

ಹತ್ತೇ ಹೆಜ್ಜೆ ದೂರದಲ್ಲಿದ್ದ ದಿಬ್ಬಕ್ಕೆ ಬೆನ್ನು ಹಾಕಿ, ಅದು ತೆವಳುತ್ತ ತೊರೆಯ ಕಡೆಗೆ ಹೋಯಿತು. ಮತ್ತೆ ಹೊಟ್ಟೆ ತುಂಬ ನೀರು ಕುಡಿಯಿತು. ಅಲ್ಲಿಂದ ಅದು ಏಳಲಿಲ್ಲ.

ನೀತಿ: ದೂರ ಓಡುವ ಮೈ ನೀರಿನ ಜೊತೆ ಉಪ್ಪನ್ನೂ ಕಳೆದುಕೊಳ್ಳುತ್ತದೆ, ಎರಡನ್ನೂ ಹಿತಮಿತವಾಗಿ ತುಂಬಿಕೊಳ್ಳಬೇಕು. ಸದಾ ಸುಳ್ಳು ಹೇಳುವವನು ತನ್ನನ್ನು ಉಳಿಸುವ ನಿಜವನ್ನೂ ನಂಬಲಾರ.