ಶೋಕೇಸಿಗೆ ಹೊಂದದ ಟೀವಿ

"ಗುರುಗಳೇ, ಎಲ್ಲಿಯೂ ಹೊಂದದ ಮನುಷ್ಯನನ್ನು ಎಲ್ಲಿ ಇಡಬೇಕು?"

ಕೇಳಿದವನು ಫಕೀರಯ್ಯ. ಮಠದಲ್ಲಿ ಯಾರಿಗೆ ಯಾವ ಕೆಲಸ ಎಂದು ಹಂಚಿಕೊಡುವ ಶಿಷ್ಯ. "ತಿಂಗಳ ಹಿಂದೆ ಒಬ್ಬ ಅಜ್ಜನವರು ಬಂದು ಸೇರಿದ್ದಾರೆ. ದಾಸೋಹದ ಅಡುಗೆಮನೆಗೆ ಹಾಕಿದೆ, ಹೊಂದಲಿಲ್ಲ. ಹೂದೋಟಕ್ಕೆ ಕಳಿಸಿದೆ, ಹೊಂದಲಿಲ್ಲ. ಪುಸ್ತಕದ ಕೋಣೆಯಲ್ಲೂ ಅದೇ ಹಾಡು. ಈಗ ನಾಳೆ ಹೊರಟುಹೋಗುತ್ತೇನೆ ಎನ್ನುತ್ತಿದ್ದಾರೆ. ಎಲ್ಲಿ ತಪ್ಪಿದೆನೋ ತಿಳಿಯುತ್ತಿಲ್ಲ."

ಗುರುಗಳು ನಕ್ಕರು. "ತಪ್ಪನ್ನು ಆಮೇಲೆ ಹುಡುಕೋಣ. ಮೊದಲು ಒಂದು ಟೀವಿಯ ಕತೆ ಕೇಳು" ಎಂದರು.

ಒಂದು ಪೇಟೆಯಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಹೊಸ ಮನೆ ಕಟ್ಟಿಸಿದ್ದ. ಅವನನ್ನು ಎತ್ತಿ ಆಡಿಸಿ ಬೆಳೆಸಿದ್ದು ಅವನ ಅಕ್ಕ. ಗಂಡ ತೀರಿಕೊಂಡ ಮೇಲೆ ಅವಳನ್ನು ತಾನೇ ಹೋಗಿ ಕರೆತಂದ. ಒಂದು ಟ್ರಂಕು, ಒಂದು ಟೀವಿ, ಅಷ್ಟೇ ಅವಳ ಸಾಮಾನು.

ಟೀವಿ ಮಾತ್ರ ಅಂಥಿಂಥದ್ದಲ್ಲ. ಯಾರೋ ವಿದೇಶದ ಕಲಾವಿದ ರೂಪಿಸಿದ್ದು. ಕಡುಗೆಂಪು ಬಣ್ಣ, ಕುಂಬಳಕಾಯಿಯ ಹಾಗೆ ದುಂಡನೆಯ ಮೈ, ಉಕ್ಕಿನದೊಂದೇ ಕಾಲು. ಅವಳ ಗಂಡ ಯಾವುದೋ ಪ್ರದರ್ಶನದಲ್ಲಿ ಕಂಡು ಮರುಳಾಗಿ ಹೊತ್ತು ತಂದಿದ್ದ. ಹಳೆಯದಾದರೂ ಚಿತ್ರ ಚೆನ್ನಾಗಿಯೇ ಮೂಡುತ್ತಿತ್ತು.

ಆ ಪೇಟೆಯಲ್ಲಿ ಟೀವಿ ಎಂದರೆ ಶೋಕೇಸಿನ ನಡುಗೂಡಿನಲ್ಲೇ ಇರಬೇಕು. ಒಂದು ಪಕ್ಕ ಗೊಂಬೆಗಳು, ಇನ್ನೊಂದು ಪಕ್ಕ ಮಕ್ಕಳು ಗೆದ್ದ ಕಪ್ಪುಗಳು. ಬೇರೆ ಕಡೆ ಇಟ್ಟವರನ್ನು ಯಾರೂ ಕಂಡಿರಲಿಲ್ಲ. ವ್ಯಾಪಾರಿ ಟೇಪು ಹಿಡಿದು ಅಳೆದ. ಗೂಡನ್ನು ಅಗಲ ಮಾಡಿಸಿದ. ಟೀವಿಯ ಬೆನ್ನು ಒಳಗೆ ಹೋಗಲಿಲ್ಲ. ಗೋಡೆ ಕೊರೆಸಿದ. ಆಗ ಕಾಲು ಅಡ್ಡ ಬಂತು. ಸಾಕಾಗಿ ಮೂಲೆಗೆ ನಿಲ್ಲಿಸಿದ. ಸೋಫಾದಲ್ಲಿ ಕೂತವರಿಗೆಲ್ಲ ಕತ್ತುನೋವು ಶುರುವಾಯಿತು. ಹೆಂಡತಿ ಕೆಟ್ಟವಳಲ್ಲ. ಧೂಳು ಕೂರಬಾರದೆಂದು ಚಂದದ ಗವಸು ಹೊಲಿದು ಅದಕ್ಕೆ ತೊಡಿಸಿದಳು, ನೋಡುವಾಗ ಮುಂಭಾಗವನ್ನಷ್ಟೇ ಮೇಲೆತ್ತುವ ಹಾಗೆ.

ಕೊನೆಗೊಂದು ದಿನ ಗಂಡ ಹೆಂಡತಿ ಮಾತಾಡಿಕೊಂಡು ಅದನ್ನು ಅಟ್ಟಕ್ಕೆ ಏರಿಸುವುದೆಂದು ತೀರ್ಮಾನಿಸಿದರು. ಅಕ್ಕ ಜಗಳ ಆಡಲಿಲ್ಲ. ಸುಮ್ಮನೆ ಒಳಗೆ ಹೋಗಿ ತನ್ನ ಟ್ರಂಕಿಗೆ ಸೀರೆ ತುಂಬತೊಡಗಿದಳು. ಗಂಡ ತಂದ ಟೀವಿಗೆ ಜಾಗವಿಲ್ಲದ ಮನೆಯಲ್ಲಿ ತನಗೂ ಜಾಗವಿಲ್ಲ ಎಂದು ಅವಳಿಗೆ ಅನಿಸಿತ್ತು. ವ್ಯಾಪಾರಿ ಅದನ್ನು ಕಂಡ. ತಾಯಿಯಂಥ ಅಕ್ಕ ಮನೆ ಬಿಟ್ಟು ಹೊರಟಿದ್ದಾಳೆ, ಅದೂ ಒಂದು ಟೀವಿಯ ದೆಸೆಯಿಂದ! ಅವನು ಓಡಿಹೋಗಿ ಒಬ್ಬ ಬಡಗಿಯನ್ನು ಕರೆತಂದ. ಹೇಗಾದರೂ ಮಾಡಿ ಇದನ್ನು ಕೂರಿಸಿಕೊಡು ಎಂದು ಕೈಮುಗಿದ.

ಬಡಗಿ ಟೇಪು ತೆಗೆಯಲಿಲ್ಲ. ಟೀವಿಯನ್ನು ಮೂಲೆಯಿಂದ ಈಚೆಗೆ ಎಳೆದ, ಗವಸು ಕಳಚಿದ, ಸುತ್ತಲೂ ಒಂದು ಸುತ್ತು ಬಂದ. ಏನೋ ಕಂಡವನಂತೆ ಇನ್ನೊಂದು ಸುತ್ತು ಬಂದ. ಅದರ ಬೆನ್ನು ಮುಂಭಾಗದಷ್ಟೇ ಹೊಳೆಯುತ್ತಿತ್ತು. ಒಂದು ಸ್ಕ್ರೂ ಕೂಡ ಕಣ್ಣಿಗೆ ಬೀಳುತ್ತಿರಲಿಲ್ಲ.

"ಬೆನ್ನಿಗೂ ಇಷ್ಟು ನಾಜೂಕು ಮಾಡ್ಯಾರಂದ್ರ, ಇದು ಗ್ವಾಡಿಗೆ ಒರಗಸೂದಲ್ರೀ. ಅಕ್ಕಾರ, ನಿಮ್ಮ ಮನ್ಯಾಗ ಇದು ಎಲ್ಲಿ ನಿಂತಿತ್ತು?" ಎಂದು ಕೇಳಿದ.

"ಪಡಸಾಲಿ ನಟ್ಟನಡುವ" ಎಂದಳು ಅಕ್ಕ. "ಕಾಲಿನ ಮ್ಯಾಲ ಅದು ತಿರಗತೈತಿ. ನಾ ರೊಟ್ಟಿ ಬಡಿಯೂ ಹೊತ್ತಿನ್ಯಾಗ ನಮ್ಮನಿಯವರು ಅಡಗಿಮನಿ ಕಡೆ ತಿರುವತಿದ್ರು."

ವ್ಯಾಪಾರಿಗೆ ಅಳುವೇ ಬಂತು. "ಮೊದಲ ಯಾಕ ಹೇಳಲಿಲ್ಲ, ಅಕ್ಕಾ?"

"ನೀ ಬರೇ ಟೇಪು ಹಿಡದು ಅಳದಿ, ತಮ್ಮಾ. ಕೇಳಲೇ ಇಲ್ಲ."

ಅಂದೇ ಸೋಫಾ ಹಿಂದೆ ಸರಿಯಿತು. ನಟ್ಟನಡುವೆ ಟೀವಿ ನಿಂತು, ಅಲ್ಲಿದ್ದ ಟೀಪಾಯಿ ಹೊರಗೆ ಹೋಯಿತು. ಅದಕ್ಕಾಗಿ ಹೆಂಡತಿ ಒಂದಿಷ್ಟು ಗೊಣಗಿದಳು. ಸಂಜೆ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಬಂದಾಗ ವ್ಯಾಪಾರಿ ಎದ್ದು, ಒಂದೇ ಬೆರಳಿನಲ್ಲಿ ಟೀವಿಯನ್ನು ಆ ಕಡೆ ತಿರುಗಿಸಿದ. ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದ ಹೆಂಡತಿ ನಕ್ಕುಬಿಟ್ಟಳು. ಅಕ್ಕ ಟ್ರಂಕಿನಿಂದ ಸೀರೆ ತೆಗೆದು ಮತ್ತೆ ಕಪಾಟಿನಲ್ಲಿ ಇಟ್ಟಳು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಫಕೀರಯ್ಯನಿಗೆ ಹಿಗ್ಗೋ ಹಿಗ್ಗು. ಕೂತಲ್ಲಿಂದ ಎದ್ದೇಬಿಟ್ಟ. "ತಿಳಿಯಿತು ಗುರುಗಳೇ! ನಾಳೆಯಿಂದ ಆ ಅಜ್ಜನವರನ್ನು ಸಭೆಯ ನಟ್ಟನಡುವೆ ಕೂರಿಸುತ್ತೇನೆ."

"ಕೂರಿಸುವೆಯಂತೆ, ಫಕೀರಯ್ಯ; ಮೊದಲು ಅವರ ಹೆಸರೇನು ಹೇಳು."