ಗೆಲುವಿನ ಹಾರದ ಅಳತೆ

ಬಸ್‌ಸ್ಟ್ಯಾಂಡಿನ ಬಾಗಿಲಲ್ಲಿ ಹೂ ಕಟ್ಟಿ ಮಾರುವ ಹೆಂಗಸೊಬ್ಬಳಿದ್ದಳು. ಪುರಸಭೆ ಚುನಾವಣೆಯ ಓಟು ಇನ್ನೂ ಬಿದ್ದೇ ಇರಲಿಲ್ಲ, ಆಗಲೇ ಅಭ್ಯರ್ಥಿ ಪಾಲಾಕ್ಷಪ್ಪ ಅವಳ ಹತ್ತಿರ ಬಂದು ಗೆದ್ದ ದಿನಕ್ಕೆ ಹಾರ ಹೇಳಿದ. ಜೆಸಿಬಿಯಲ್ಲಿ ಎತ್ತಿ ಹಾಕುವಂಥ ಚೆಂಡುಹೂವಿನ ಹಾರ.

ಅಷ್ಟಕ್ಕೇ ಸುಮ್ಮನಾಗಲಿಲ್ಲ. “ನಿನ್ನ ಓಟು ನನ್ನೆದುರು ನಿಂತಿರೋ ಗುರುಶಾಂತ ಮೇಷ್ಟ್ರಿಗಂತೆ?”

“ಹೌದು ಸಾಮಿ. ನಮ್ಮ ಕೇರಿ ನಲ್ಲಿಗೋಸ್ಕರ ಆಫೀಸಿನ ಮುಂದೆ ಬಿಸಿಲಲ್ಲಿ ಕೂತೋರು ಅವರೊಬ್ರೇ.”

“ಒಳ್ಳೆ ಮನುಷ್ಯ, ನಾನೂ ಒಪ್ತೀನಿ. ಆದ್ರೆ ಸೋಲೋರಿಗೆ ಓಟು ಹಾಕೋದು ಹೊಳೇಲಿ ಹುಣಸೆಹಣ್ಣು ತೊಳೆದಂಗೆ. ಆದರ್ಶದಿಂದ ನಲ್ಲೀಲಿ ನೀರು ಬರಲ್ಲ. ಗೆಲ್ಲೋನಿಗೆ ಹಾಕು. ಇಲ್ದಿದ್ರೆ ನಾಳೆ ನಿನ್ನ ಬುಟ್ಟಿ ಇಲ್ಲಿರುತ್ತೋ ಇಲ್ವೋ.”

ಅವಳು ದಾರಕ್ಕೆ ಗಂಟು ಹಾಕುತ್ತಲೇ ಕೇಳಿದಳು, “ನೀವು ಗೆಲ್ಲೋದು ಖಂಡಿತನಾ?”

“ಅನುಮಾನವಾ? ಹಾರ ಹೇಳಿಲ್ವಾ?”

“ಹಂಗಾದ್ರೆ ನನ್ನ ಒಂದು ಓಟು ನಿಮಗ್ಯಾಕೆ? ತುಂಬಿದ ಕೆರೆಗೆ ಒಂದು ಚೊಂಬು ನೀರು. ಪಾಪ, ಸೋಲೋ ಮೇಷ್ಟ್ರಿಗೇ ಇರ್ಲಿ ಬಿಡಿ.”

ಪಾಲಾಕ್ಷಪ್ಪ ಶಾಲಿನಿಂದ ಮುಖ ಒರೆಸಿಕೊಂಡ. ಅತ್ತಿತ್ತ ನೋಡಿ, ಬಗ್ಗಿ, ಮೆಲ್ಲಗೆ ಹೇಳಿದ. “ಹಂಗಲ್ಲ ಕಣಮ್ಮ. ಈ ಸಲ ಬಿಗಿ ಇದೆ. ಒಂದೆರಡು ಓಟಲ್ಲಿ ಮೇಷ್ಟ್ರು ಗೆದ್ರೂ ಗೆದ್ದಾರು.”

“ಅಂದ್ರೆ ಅವರಿಗೆ ಹಾಕಿದ ಓಟು ದಂಡ ಆಗಲ್ಲ ಅನ್ನಿ.”

ಅವಳು ಹೂವಿನ ಬುಟ್ಟಿ ಹತ್ತಿರಕ್ಕೆ ಎಳೆದುಕೊಂಡಳು.

“ಈಗ ಹೇಳಿ ಸಾಮಿ, ಹಾರ ಯಾರ ಅಳತೆಗೆ ಕಟ್ಟಲಿ? ಮೇಷ್ಟ್ರ ಕುತ್ತಿಗೆ ಸಣ್ಣದು. ಜೆಸಿಬಿ ಬೇಕಾಗಲ್ಲ.”